ಉಣುಗುಗಳು ಆತಿಥೇಯ ಜೀವಿಯನ್ನು ಗುರುತಿಸುವ ವಿಧಾನ ಮತ್ತು ಮುನ್ನೆಚ್ಚರಿಕೆ ಕ್ರಮಗಳು

ಮಂಗನ ಕಾಯಿಲೆ (ಕ್ಯಾಸನೂರು ಅರಣ್ಯ ಕಾಯಿಲೆ) 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯ ಪ್ರದೇಶದಲ್ಲಿ ಪ್ರಥಮವಾಗಿ ಪತ್ತೆಯಾಯಿತು. ಈ ರೋಗದ ವೈರಾಣುವು ಸೋಂಕಿತ ಉಣುಗುಗಳ ಕಡಿತದಿಂದ ಮನುಷ್ಯರಿಗೆ ಹರಡುತ್ತದೆ. ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು ಇದರ ಪ್ರಮುಖ ವಾಹಕವಾಗಿದೆ.

ಉಣುಗಿನ ಸಂವೇದನೆ
ಈ ಉಣುಗಿಗೆ ಕಣ್ಣುಗಳಿರುವುದಿಲ್ಲ. ಇದು ಹಾರುವುದೂ ಇಲ್ಲ, ಜಿಗಿಯುವುದೂ ಇಲ್ಲ. ಇದರ ಮೊದಲನೇ ಜೊತೆ ಕಾಲುಗಳ ತುದಿಭಾಗದಲ್ಲಿ 'ಹಾಲರ್ ಅಂಗ' ಎಂಬ ಸೂಕ್ಷ್ಮ ಕುಳಿಯಿದ್ದು, ಅದರಲ್ಲಿನ ಸಂವೇದಕ ರೋಮಗಳು ಕೆಳಕಂಡವುಗಳನ್ನು ಗ್ರಹಿಸುತ್ತವೆ:
1. ಉಸಿರಿನಿಂದ ಹೊರಬರುವ ಇಂಗಾಲದ ಡೈಆಕ್ಸೈಡ್
2. ಬೆವರು ಮತ್ತು ಚರ್ಮದ ವಾಸನೆ
3. ದೇಹದ ಶಾಖ
4. ಗಾಳಿಯ ತೇವಾಂಶ

ಹೊಂಚು ಹಾಕುವ ಕ್ರಮ
ಉಣುಗು ಹುಲ್ಲು ಅಥವಾ ಪೊದೆಯ ಎಲೆಯ ತುದಿಗೆ ಏರಿ, ಮುಂಗಾಲುಗಳನ್ನು ಚಾಚಿ ಕಾಯುತ್ತದೆ. ಪ್ರಾಣಿ ಅಥವಾ ಮನುಷ್ಯ ಹಾದುಹೋಗುವಾಗ ತಾಗಿದ ಕೂಡಲೇ ಅಂಟಿಕೊಳ್ಳುತ್ತದೆ. ಮೈಯ ತೇವ ಕಡಿಮೆಯಾದಲ್ಲಿ ನೆಲದ ತರಗೆಲೆಗಳ ನಡುವೆ ಇಳಿದು, ಗಾಳಿಯಿಂದ ತೇವಾಂಶವನ್ನು ಹೀರಿಕೊಂಡು ಪುನಃ ಮೇಲೇರುತ್ತದೆ. ಸೊಪ್ಪು, ತರಗೆಲೆ ಹಾಗೂ ಸೌದೆ ಸಂಗ್ರಹಿಸುವವರು ಅಪಾಯಕ್ಕೆ ಒಳಗಾಗಲು ಇದೇ ಕಾರಣ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಮರಿ ಉಣುಗುಗಳು. ಇವು ಅತಿ ಚಿಕ್ಕದಾಗಿರುವುದರಿಂದ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ನವೆಂಬರ್‌ನಿಂದ ಮೇ ತಿಂಗಳವರೆಗೆ ಇವುಗಳ ಹಾವಳಿ ಅಧಿಕ.

ಮಂಗ ಸತ್ತಾಗ
ಸೋಂಕಿನಿಂದ ಮಂಗ ಸತ್ತಲ್ಲಿ, ದೇಹ ತಣ್ಣಗಾಗುತ್ತಿದ್ದಂತೆ ಉಣುಗುಗಳು ಅದನ್ನು ತೊರೆದು ಹೊಸ ಆತಿಥೇಯ ಜೀವಿಗಾಗಿ ಕಾಯುತ್ತವೆ. ಆದ್ದರಿಂದ ಮಂಗ ಸತ್ತ ಸ್ಥಳವು ಅತ್ಯಂತ ಅಪಾಯಕಾರಿ. ಕಳೇಬರವನ್ನು ಮುಟ್ಟದೆ, ಸಮೀಪಕ್ಕೆ ಹೋಗದೆ, ಕೂಡಲೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಅರಣ್ಯ ಸಿಬ್ಬಂದಿಗೆ ತಿಳಿಸತಕ್ಕದ್ದು.

ಸಾರ್ವಜನಿಕರು ಅನುಸರಿಸಬೇಕಾದ ಕ್ರಮಗಳು
• ಕಾಡಿಗೆ ಹೋಗುವ ಮುನ್ನ ಕೈಕಾಲುಗಳಿಗೆ ಡೇಪಾ ತೈಲವನ್ನು ಲೇಪಿಸಿಕೊಳ್ಳುವುದು. ಇದು ಉಣುಗುಗಳನ್ನು ದೂರವಿಡುತ್ತದೆ.
• ಮೈತುಂಬ ಬಟ್ಟೆ ಧರಿಸಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸುವುದು.
• ಹಿಂದಿರುಗಿದ ನಂತರ ಬಟ್ಟೆಗಳನ್ನು ಬಿಸಿನೀರಿನಲ್ಲಿ ತೊಳೆದು, ಸೋಪು ಹಚ್ಚಿ ಸ್ನಾನ ಮಾಡಿ, ಮೈಯನ್ನು ಪರೀಕ್ಷಿಸಿಕೊಳ್ಳುವುದು.
• ಕಚ್ಚಿರುವ ಉಣುಗನ್ನು ಬರಿಗೈಯಲ್ಲಿ ಹಿಸುಕದೆ, ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆದು ತೆಗೆಯುವುದು.

ಈ ಕಾಯಿಲೆಗೆ ನಿರ್ದಿಷ್ಟ ಔಷಧಿ ಇರುವುದಿಲ್ಲ. ಹಿಂದೆ ನೀಡಲಾಗುತ್ತಿದ್ದ ಲಸಿಕೆಯನ್ನು 2022ರಲ್ಲಿ ಸ್ಥಗಿತಗೊಳಿಸಲಾಗಿದೆ. ಆದಕಾರಣ ಕಡಿತದಿಂದ ರಕ್ಷಿಸಿಕೊಳ್ಳುವುದು ಅತಿ ಮುಖ್ಯ. ಕಾಡಿಗೆ ಹೋಗಿ ಬಂದವರಲ್ಲಿ ಹಠಾತ್ ಜ್ವರ, ತೀವ್ರ ತಲೆನೋವು, ಮೈಕೈ ನೋವು ಅಥವಾ ರಕ್ತಸ್ರಾವ ಕಂಡುಬಂದಲ್ಲಿ, ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯಾಧಿಕಾರಿಗಳಿಗೆ ತಪ್ಪದೇ ತಿಳಿಸಿ, ತಡಮಾಡದೆ ಚಿಕಿತ್ಸೆ ಪಡೆಯತಕ್ಕದ್ದು.