ಏರು ಹತ್ತುವಾಗ ಟ್ರ್ಯಾಕ್ಟರ್ ಮಿಸ್ ಹೊಡೆಯುತ್ತಿದೆಯೇ? ಮೊದಲು ಹೊಗೆ ನೋಡಿ

ಸಮತಟ್ಟಾದ ಹೊಲದಲ್ಲಿ ಸರಾಗವಾಗಿ ಓಡುವ ಟ್ರ್ಯಾಕ್ಟರ್, ಲೋಡ್ ಟ್ರಾಲಿ ಕಟ್ಟಿ ಏರು ಹತ್ತುವಾಗ ಮಿಸ್ ಹೊಡೆಯುತ್ತದೆ. ಕೆಲವೊಮ್ಮೆ ನಡುದಾರಿಯಲ್ಲೇ ಬಂದ್ ಬೀಳುತ್ತದೆ. ಜಹೀರಾಬಾದ್ ಕಡೆಯ ಕೆಂಪು ದಿಬ್ಬಗಳಲ್ಲಿ ಕಬ್ಬು ಸಾಗಿಸುವವರಿಗೆ, ನಾರಾಯಣಖೇಡದ ಹೊಲದಾರಿಗಳಲ್ಲಿ ಓಡಾಡುವವರಿಗೆ, ತಾಂಡೂರಿನ ಕಲ್ಲುಗಣಿಯಿಂದ ಮೇಲಕ್ಕೆ ಬರುವವರಿಗೆ ಈ ತೊಂದರೆ ಹೊಸದಲ್ಲ. ಹೀಗಾದಾಗ ಇಂಜಿನ್ ಕೆಲಸ ಮಾಡಿಸಲು ಸಾವಿರಾರು ರೂಪಾಯಿ ಸುರಿಯುವವರಿದ್ದಾರೆ. ಆದರೆ ದೋಷ ಹೆಚ್ಚಾಗಿ ಡೀಸೆಲ್ ಬರುವ ದಾರಿಯಲ್ಲೋ ಗಾಳಿ ಬರುವ ದಾರಿಯಲ್ಲೋ ಇರುತ್ತದೆ.

ಏರಿನಲ್ಲಿ ಗಾಡಿ ನಿಂತರೆ ಗಾಬರಿಯಿಂದ ಕ್ಲಚ್ ಒತ್ತಿ ಬಿಡಬಾರದು. ಬ್ರೇಕ್ ಇಲ್ಲದ ಟ್ರಾಲಿ ಟ್ರ್ಯಾಕ್ಟರನ್ನೇ ಹಿಂದಕ್ಕೆ ಎಳೆದೊಯ್ಯುತ್ತದೆ. ಎರಡೂ ಬ್ರೇಕ್ ಪೆಡಲ್‌ಗಳನ್ನು ಜೋಡಿಸಿ ಒಟ್ಟಿಗೆ ಒತ್ತಿ, ಪಾರ್ಕಿಂಗ್ ಬ್ರೇಕ್ ಹಾಕಿ, ಗಾಡಿಯನ್ನು ಲೋ ಗೇರಿನಲ್ಲೇ ಬಿಡಬೇಕು. ಜೊತೆಗಿರುವವರು ಪಕ್ಕದಿಂದ ಬಂದು ಟ್ರಾಲಿ ಗಾಲಿಗಳಿಗೆ ಕಲ್ಲು ಕೊಡಬೇಕು. ಹಿಂದೆ ಯಾರೂ ನಿಲ್ಲಬಾರದು. ಮುಂದಿನ ಗಾಲಿ ನೆಲ ಬಿಟ್ಟು ಏಳುವಂತಿದ್ದರೆ ಲೋಡ್ ಇಳಿಸುವುದೇ ದಾರಿ. ಟ್ರ್ಯಾಕ್ಟರ್ ಹಿಮ್ಮಗುಚಲು ಒಂದೆರಡು ಸೆಕೆಂಡು ಸಾಕು. ರಿಪೇರಿ ಏನಿದ್ದರೂ ಸಮತಟ್ಟು ಜಾಗಕ್ಕೆ ಬಂದ ಮೇಲೆ.

ಇನ್ನು ಹೊಗೆಯ ವಿಚಾರ. ಏರಿನಲ್ಲಿ ದಟ್ಟ ಕಪ್ಪು ಹೊಗೆ ಬಂದು ಶಕ್ತಿ ಕುಂದಿದರೆ ಇಂಜಿನ್‌ಗೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಭಾರ ಹೆಚ್ಚಾಗಿದೆ. ಹೊಗೆಯೇ ಕಡಿಮೆಯಾಗಿ ಇಂಜಿನ್ ಸದ್ದು ಅಡಗುತ್ತಾ ಹೋದರೆ ಡೀಸೆಲ್ ತಲುಪುತ್ತಿಲ್ಲ. ಬಿಳಿ ಹೊಗೆಯೊಂದಿಗೆ ಮಿಸ್ ಹೊಡೆದರೆ ಡೀಸೆಲಿನಲ್ಲಿ ನೀರು ಸೇರಿರುವ ಅನುಮಾನ ಪಡಬಹುದು.

ಕಪ್ಪು ಹೊಗೆಯಾದರೆ ಏರ್ ಕ್ಲೀನರ್ ತೆಗೆದು ನೋಡಬೇಕು. ಈ ಭಾಗದ ಕೆಂಪು ಧೂಳಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಆಯಿಲ್ ಬಾತ್ ಮಾದರಿಯಾದರೆ ಆಯಿಲ್ ಗುರುತಿನ ಮಟ್ಟಕ್ಕಷ್ಟೇ ಇರಬೇಕು. ಹೆಚ್ಚು ಹಾಕಿದರೆ ಇಳಿಜಾರಿನಲ್ಲಿ ಆಯಿಲ್ ಇಂಜಿನ್ ಒಳಗೆ ಎಳೆದುಕೊಂಡು, ಇಂಜಿನ್ ತಾನೇ ತಾನಾಗಿ ರೇಸ್ ಆಗುವ ಅಪಾಯವಿದೆ. ಭಾರದ ಲೆಕ್ಕವನ್ನೂ ಮರೆಯಬಾರದು: 100 ಘನ ಅಡಿ ಗಟ್ಟಿ ಕಲ್ಲು ಸುಮಾರು 7 ಟನ್ ತೂಗುತ್ತದೆ. ಅಷ್ಟನ್ನು ಏರು ಹತ್ತಿಸಲಾಗದಿದ್ದರೆ ಅದು ಇಂಜಿನ್ ತಪ್ಪಲ್ಲ.

ಡೀಸೆಲ್ ತಲುಪದಿರುವುದಕ್ಕೆ ಏರಿನಲ್ಲಿ ವಿಶೇಷ ಕಾರಣವಿದೆ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಡೀಸೆಲ್ ಇದ್ದರೆ, ಗಾಡಿ ವಾಲಿದಾಗ ಅದು ಒಂದು ಬದಿಗೆ ಸರಿದು ಪೈಪಿನ ಬಾಯಿ ಖಾಲಿಯಾಗಬಹುದು. ಆಗ ಪೈಪಿಗೆ ಗಾಳಿ ನುಗ್ಗುತ್ತದೆ. ತಳದ ಕಸ, ನೀರು ಕೂಡ ಇದೇ ರೀತಿ ಸರಿದು ಬಾಯಿಗೆ ಬರುತ್ತವೆ. ಟ್ಯಾಂಕ್ ತುಂಬಿಸಿ ಅದೇ ಏರನ್ನು ಮತ್ತೊಮ್ಮೆ ಹತ್ತಿಸಿ ನೋಡಬೇಕು. ತೊಂದರೆ ಹೋದರೆ ಕಾರಣ ಸಿಕ್ಕಂತೆ. ಹೋಗದಿದ್ದರೆ ಟ್ಯಾಂಕಿನ ಮುಚ್ಚಳ ಸಡಿಲಿಸಿ: ಗಾಳಿ ಒಳಗೆಳೆದ 'ಸುಸ್' ಸದ್ದು ಬಂದು ಇಂಜಿನ್ ಸರಿಹೋದರೆ ಮುಚ್ಚಳದ ಗಾಳಿ ರಂಧ್ರ ಕಟ್ಟಿದೆ. ನಂತರ ಫಿಲ್ಟರ್ ಕೆಳಗಿನ ಸ್ಕ್ರೂ ಬಿಚ್ಚಿ ನೀರು ಬಸಿಯಬೇಕು, ಹಳೆಯ ಫಿಲ್ಟರ್ ಬದಲಿಸಬೇಕು. ಮನೆಯ ಡ್ರಮ್ಮಿನ ಡೀಸೆಲ್ ಬಳಸುವವರು ತಳದ ಎರಡು ಮೂರು ಇಂಚು ಬಿಟ್ಟು ಮೇಲಿನದನ್ನು ಬಟ್ಟೆಯಿಂದ ಸೋಸಿ ಹಾಕುವುದು ಒಳ್ಳೆಯದು.

ಇದಾದ ಮೇಲೆ ಏರ್ ತೆಗೆಯಬೇಕು. ಹಳೆಯ ಮಾದರಿಯಲ್ಲಿ ಮೊದಲ ಫಿಲ್ಟರಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಫೀಡ್ ಪಂಪಿನ ಕೈಲಿವರ್ ಒತ್ತುತ್ತಾ ಗುಳ್ಳೆ ನಿಂತ ಮೇಲೆ ಬಿಗಿಯಬೇಕು. ಬಳಿಕ ಎರಡನೆಯ ಫಿಲ್ಟರ್, ಕೊನೆಗೆ ಪಂಪ್. ಮತ್ತೆ ಮತ್ತೆ ಏರ್ ಹಿಡಿದರೆ ಎಲ್ಲೋ ಪೈಪಿನ ವಾಷರ್ ಸಡಿಲವಾಗಿದೆ ಎಂದರ್ಥ. 50 ಎಚ್‌ಪಿಗಿಂತ ಹೆಚ್ಚಿನ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದ ಮೇಲೆ ಕಾಮನ್ ರೈಲ್ ಇಂಜಿನ್‌ಗಳು ಬಂದಿವೆ. ಅವುಗಳ ನಾಜಲ್ ಪೈಪ್ ನಟ್ಟು ಬಿಚ್ಚಬಾರದು. ಅಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನೇ ತೂರಿ ಒಳಹೋಗುತ್ತದೆ. ಅದು ಕಂಪನಿ ಮೆಕ್ಯಾನಿಕ್ ಕೆಲಸ.

ಏರಿನಲ್ಲಿ ಆಯಿಲ್ ದೀಪ ಹೊತ್ತಿಕೊಂಡರೆ ಮಾತ್ರ ಮೇಲಿನದಾವುದನ್ನೂ ಪರೀಕ್ಷಿಸುತ್ತಾ ಕೂರದೆ ತಕ್ಷಣ ಇಂಜಿನ್ ಬಂದ್ ಮಾಡಬೇಕು. ಸಮತಟ್ಟಿನಲ್ಲಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಕಡ್ಡಿ ಅದ್ದಿ ಇಂಜಿನ್ ಆಯಿಲ್ ಮಟ್ಟ ನೋಡಬೇಕು.