ಕಂಡೂ ಬದುಕಿದವರು: ಹೀಬ್ರೂ ಶಾಸ್ತ್ರದ ದೇವರೂಪ ಮತ್ತು ಅದರ ಓದಿನ ಚರಿತ್ರೆ

ಸೀನಾಯಿ ಬೆಟ್ಟದ ಮೇಲೆ ಒಂದು ಊಟ ನಡೆಯುತ್ತದೆ. ವಿಮೋಚನಕಾಂಡದ 24ನೇ ಅಧ್ಯಾಯದಲ್ಲಿ ಮೋಶೆ, ಆರೋನ, ನಾದಾಬ್, ಅಬೀಹು ಮತ್ತು ಎಪ್ಪತ್ತು ಮಂದಿ ಹಿರಿಯರು ಬೆಟ್ಟ ಹತ್ತಿ ಇಸ್ರಾಯೇಲಿನ ದೇವರನ್ನು ನೋಡುತ್ತಾರೆ. ಆತನ ಪಾದದಡಿಯಲ್ಲಿ ನೀಲಮಣಿ ಹಾಸಿದಂಥ ನೆಲ. ದೇವರು ಅವರ ಮೇಲೆ ಕೈಮಾಡುವುದಿಲ್ಲ. ಅವರು ನೋಡುತ್ತಾರೆ, ಉಣ್ಣುತ್ತಾರೆ, ಕುಡಿಯುತ್ತಾರೆ. ಕಂಡದ್ದು ಕನಸಿನಲ್ಲಿ ಎಂದಾಗಲಿ ಮನಸ್ಸಿನಲ್ಲಿ ಎಂದಾಗಲಿ ಬರೆದವನು ಹೇಳುವುದಿಲ್ಲ. ಅದೇ ಪುಸ್ತಕದ 33ನೇ ಅಧ್ಯಾಯಕ್ಕೆ ಬಂದರೆ, ದೇವದರ್ಶನದ ಗುಡಾರದಲ್ಲಿ ಯೆಹೋವನು ಗೆಳೆಯನೊಡನೆ ಆಡುವಂತೆ ಮೋಶೆಯೊಡನೆ ಮುಖಾಮುಖಿ ಮಾತಾಡುತ್ತಾನೆ. ಹತ್ತು ವಚನ ಕಳೆಯುವುದರೊಳಗೆ, ತನ್ನ ಮುಖ ಕಂಡ ಮನುಷ್ಯ ಬದುಕಲಾರ ಎಂದು ಅದೇ ದೇವರು ಅದೇ ಮೋಶೆಗೆ ಹೇಳಿ, ಬೇಕಾದರೆ ಬೆನ್ನು ನೋಡು ಎನ್ನುತ್ತಾನೆ.

ಇಂಥ ಪ್ರಸಂಗಗಳು ಒಂದೆರಡಲ್ಲ. ಮಮ್ರೆಯ ಮರಗಳ ಬಳಿ ಬಿಸಿಲು ಹೊತ್ತಿನಲ್ಲಿ ಮೂವರು ಗಂಡಸರು ಅಬ್ರಹಾಮನ ಗುಡಾರದ ಮುಂದೆ ನಿಲ್ಲುತ್ತಾರೆ, ಅವನು ಬಡಿಸಿದ ಕರುವಿನ ಮಾಂಸ, ಹಾಲು, ಬೆಣ್ಣೆ ತಿನ್ನುತ್ತಾರೆ. ಮಾತು ಮುಂದುವರಿದಂತೆ ಅವರಲ್ಲೊಬ್ಬ ಯೆಹೋವನೇ ಎಂದು ತಿಳಿಯುತ್ತದೆ. ಯಬ್ಬೋಕ್ ಹೊಳೆಯ ದಡದಲ್ಲಿ ಯಾಕೋಬ ಬೆಳಗಾಗುವತನಕ ಒಬ್ಬನೊಡನೆ ಕುಸ್ತಿ ಹಿಡಿದು, ತಾನು ದೇವರನ್ನು ಮುಖಾಮುಖಿ ಕಂಡೂ ಉಳಿದೆನೆಂದು ಆ ಜಾಗಕ್ಕೆ ಪೆನೀಯೇಲ್ ಎಂದು ಹೆಸರಿಡುತ್ತಾನೆ. ನ್ಯಾಯಸ್ಥಾಪಕರ ಕಾಲದ ಮಾನೋಹ, ದೇವರನ್ನು ಕಂಡೆವು, ಇನ್ನು ಸತ್ತೆವು ಎಂದು ಕಂಗಾಲಾದಾಗ, ಕೊಲ್ಲುವ ಮನಸ್ಸಿದ್ದರೆ ನಮ್ಮ ಬಲಿಯನ್ನು ಆತ ಸ್ವೀಕರಿಸುತ್ತಿದ್ದನೇ ಎಂದು ಹೆಂಡತಿ ಬುದ್ಧಿ ಹೇಳುತ್ತಾಳೆ. ಉಜ್ಜೀಯ ರಾಜ ಸತ್ತ ವರ್ಷ ಯೆಶಾಯನಿಗೆ ಎತ್ತರದ ಸಿಂಹಾಸನ ಕಾಣುತ್ತದೆ. ಉಡುಪಿನ ಅಂಚೇ ದೇವಾಲಯವನ್ನು ತುಂಬಿರುತ್ತದೆ. ಈ ಸಾಲಿಗೆ ಎದುರಾಗಿ ನಿಲ್ಲುವುದು ಧರ್ಮೋಪದೇಶಕಾಂಡದ 4ನೇ ಅಧ್ಯಾಯ. ಬೆಂಕಿಯ ನಡುವಿನಿಂದ ನೀವು ಕೇಳಿದ್ದು ದನಿ ಮಾತ್ರ, ರೂಪ ಏನನ್ನೂ ಕಾಣಲಿಲ್ಲ ಎಂದು ಅದು ಜನರಿಗೆ ನೆನಪಿಸುತ್ತದೆ, ಅಲ್ಲಿಂದಲೇ ವಿಗ್ರಹ ನಿಷೇಧಕ್ಕೆ ಕಾರಣ ಕೊಡುತ್ತದೆ.

ಕನ್ನಡದ ಓದುಗರಿಗೆ ಇಲ್ಲಿ ಸಗುಣ, ನಿರ್ಗುಣ ಎಂಬ ಜೋಡಿ ತಟ್ಟನೆ ಹೊಳೆಯುತ್ತದೆ. ಅದನ್ನು ಬದಿಗಿಡುವುದು ಒಳ್ಳೆಯದು. ದೇವರಿಗೆ ರೂಪ ಉಂಟೋ ಇಲ್ಲವೋ ಎಂಬ ತತ್ತ್ವಚರ್ಚೆ ಹೀಬ್ರೂ ಪಠ್ಯಗಳಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಲ್ಲಿರುವ ಭಯ ಬೇರೆ: ನೋಡಿದವನ ಗತಿ ಏನು? ರೂಪದ ಪ್ರಶ್ನೆಯನ್ನು ಎತ್ತಿದವರು ನಂತರದ ಓದುಗರು, ಅವರಲ್ಲೂ ಮೊದಲಿಗರು ಅನುವಾದಕರು.

ಕ್ರಿ.ಪೂ. 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಹೀಬ್ರೂ ಶಾಸ್ತ್ರದ ಮೊದಲ ಐದು ಪುಸ್ತಕಗಳಾದ ಪಂಚಗ್ರಂಥ ಗ್ರೀಕಿಗೆ ಹೋದಾಗ ಸೀನಾಯಿಯ ಹಿರಿಯರು ದೇವರನ್ನು ನೋಡಲಿಲ್ಲ, ದೇವರು ನಿಂತಿದ್ದ ಜಾಗವನ್ನು ನೋಡಿದರು. ಅರಮಾಯಿಕ ಅನುವಾದವಾದ ಓಂಕೆಲೋಸ್ ತರ್ಗುಮಿನಲ್ಲಿ ಅವರು ಕಂಡದ್ದು ದೇವರ ಮಹಿಮೆಯನ್ನು. ಊಟವೂ ನಿಜವಾದ ಊಟವಲ್ಲ, ಉಂಡು ಕುಡಿದಷ್ಟು ಸಂತೋಷ. ಗ್ರೀಕ್ ಅನುವಾದಕರು ದೇವರ ಮನುಷ್ಯಾಕಾರವನ್ನು ಬೇಕೆಂದೇ ಅಳಿಸಿದರು ಎಂದು ಚಾರ್ಲ್ಸ್ ಫ್ರಿಟ್ಷ್ 1943ರಲ್ಲಿ ವಾದಿಸಿದರು. ಹ್ಯಾರಿ ಓರ್ಲಿನ್ಸ್ಕಿ ಅದನ್ನು ಒಪ್ಪಲಿಲ್ಲ. ಓರ್ಲಿನ್ಸ್ಕಿಯವರ ಕಡೆಗೂ ನ್ಯಾಯವಿದೆ: ದೇವರ ಕೈ, ಕಣ್ಣು, ಮುಖಗಳನ್ನು ಆ ಅನುವಾದ ಎಷ್ಟೋ ಕಡೆ ಹಾಗೆಯೇ ಉಳಿಸಿಕೊಂಡಿದೆ. ಅಂಗಾಂಗಗಳ ಬಗ್ಗೆ ಅನುವಾದಕರಿಗೆ ಅಷ್ಟು ಮುಜುಗರವಿರಲಿಲ್ಲ, ಕಣ್ಣಾರೆ ಕಂಡರು ಎಂಬ ಮಾತು ಮಾತ್ರ ಅವರಿಗೆ ಕಷ್ಟವಾಯಿತು ಎಂದೇ ನನಗೆ ಅನಿಸುತ್ತದೆ.

ಕ್ರೈಸ್ತ ಪಿತೃಗಳ ಕಥೆ ಚಿಕ್ಕದು. ಅಬ್ರಹಾಮನಿಗೂ ಮೋಶೆಗೂ ಕಾಣಿಸಿಕೊಂಡವನು ದೇವರ ವಾಕ್ಯವಾದ ಮಗನೇ ಎಂದು 2ನೇ ಶತಮಾನದ ಜಸ್ಟಿನ್ ಹೇಳಿದ. ದೇವದೂತರ ಮೂಲಕ, ಸೃಷ್ಟಿಯಾದ ರೂಪಗಳಲ್ಲಿ ಆ ದರ್ಶನಗಳಾದವು ಎಂದು ಅಗಸ್ಟೀನ್ ತಿದ್ದಿದ. ಯೆಹೂದ್ಯರಲ್ಲಿ ವಾದ ಇನ್ನೂ ಬಿಸಿಯಾಗಿತ್ತು. ಪ್ರವಾದಿಗಳು ನೋಡಿದ್ದು ದೇವರೇ ಸೃಷ್ಟಿಸಿದ ಒಂದು ತೇಜಸ್ಸನ್ನು ಎಂದು 10ನೇ ಶತಮಾನದ ಸಾದ್ಯಾ ಗಾವೋನ್ ಅಭಿಪ್ರಾಯಪಟ್ಟರೆ, ಮೈಮೋನಿಡೀಸ್ ಇನ್ನೂ ಮುಂದೆ ಹೋದ. ಸುಮಾರು 1190ರಲ್ಲಿ ಈಜಿಪ್ಟಿನಲ್ಲಿ ಅರಬ್ಬಿಯಲ್ಲಿ ಮುಗಿಸಿದ ‘ಗೊಂದಲಗೊಂಡವರಿಗೆ ಕೈಪಿಡಿ’ಯಲ್ಲಿ ಅವನು ಕೂರು, ನಿಲ್ಲು, ಏರು, ನೋಡು ಮುಂತಾದ ಮಾತುಗಳನ್ನು ಒಂದೊಂದಾಗಿ ಎತ್ತಿಕೊಂಡು ದೇಹದ ಅರ್ಥವನ್ನು ಅವುಗಳಿಂದ ಹಿಂಡಿ ತೆಗೆಯುತ್ತಾನೆ. ಸೀನಾಯಿಯ ಹಿರಿಯರ ಮೇಲೂ ಅವನಿಗೆ ಸಿಟ್ಟು: ಸಿದ್ಧತೆಯಿಲ್ಲದೆ ಅವಸರಪಟ್ಟ ಅವರ ಗ್ರಹಿಕೆಯಲ್ಲಿ ದೇಹ ನುಸುಳಿತು ಎನ್ನುತ್ತಾನೆ. ದೇವರಿಗೆ ದೇಹವಿದೆ ಎನ್ನುವವನು ಪಾಷಂಡಿ ಎಂದು ತನ್ನ ಧರ್ಮಸಂಹಿತೆಯಲ್ಲೂ ಬರೆದ. ಪ್ರೊವಾನ್ಸಿನ ಅಬ್ರಹಾಂ ಬೆನ್ ದಾವೀದ್‌ಗೆ ಇದು ಅತಿಯಾಯಿತು. ನಿನಗಿಂತ ದೊಡ್ಡವರು, ಒಳ್ಳೆಯವರು ಹಾಗೆಯೇ ನಂಬಿದ್ದರಲ್ಲ ಎಂದು ಅಂಚಿನಲ್ಲಿ ಟಿಪ್ಪಣಿ ಹಾಕಿದ. ದೇವರಿಗೆ ದೇಹವಿದೆ ಎಂದು ಇವನೇನೂ ಸಾಧಿಸಲು ಹೊರಟಿರಲಿಲ್ಲ. ಶಾಸ್ತ್ರವನ್ನು ಬರೆದಿದ್ದಂತೆಯೇ ಓದಿದವರನ್ನು ಹೊರಹಾಕುವುದು ಅವನಿಗೆ ಸರಿಕಾಣಲಿಲ್ಲ. ಇಂದಿನ ಸಂಶೋಧನೆ ಆ ಟಿಪ್ಪಣಿಯನ್ನು ಮತ್ತೆ ಮತ್ತೆ ನೆನೆಯುವುದರಲ್ಲಿ ಆಶ್ಚರ್ಯವಿಲ್ಲ.

19ನೇ ಶತಮಾನದ ಜರ್ಮನಿಯಲ್ಲಿ ಪ್ರಶ್ನೆಯೇ ತಿರುಗಿತು. ದೇವರು ನಿಜಕ್ಕೂ ಹೇಗಿದ್ದಾನೆ ಎಂಬುದನ್ನು ಬಿಟ್ಟು, ಯಾರು, ಯಾವ ಕಾಲದಲ್ಲಿ ಹೀಗೆ ಬರೆದರು ಎಂದು ವಿದ್ವಾಂಸರು ಕೇಳತೊಡಗಿದರು. ಜೂಲಿಯಸ್ ವೆಲ್‌ಹೌಸನ್ 1878ರಲ್ಲಿ ಇಸ್ರಾಯೇಲಿನ ಚರಿತ್ರೆಯ ಗ್ರಂಥ ಹೊರತಂದ ಮೇಲೆ ಪಂಚಗ್ರಂಥವನ್ನು ಮೂಲಗಳಾಗಿ ಬಿಡಿಸಿ ಓದುವ ಕ್ರಮ ಬೇರೂರಿತು. ಅದರ ಪ್ರಕಾರ ತೋಟದಲ್ಲಿ ಸಂಜೆಗಾಳಿಗೆ ಅಡ್ಡಾಡುವ ದೇವರು ಹಳೆಯ ಪದರ, ಕನಸು ಮತ್ತು ದೂತರ ಮೂಲಕ ಮಾತಾಡುವವನು ಇನ್ನೊಂದು, ಮೋಡದಲ್ಲಿ ಮಹಿಮೆಯಾಗಿ ಇಳಿಯುವವನು ಯಾಜಕರ ಪದರ. ಹರ್ಮನ್ ಗುಂಕೆಲ್ 1901ರ ಆದಿಕಾಂಡ ಭಾಷ್ಯದಲ್ಲಿ ಇನ್ನೂ ಕೆಳಗೆ ಅಗೆದು, ಯಬ್ಬೋಕಿನ ಕುಸ್ತಿಯ ಹಿಂದೆ ಬೆಳಗಾದರೆ ಶಕ್ತಿ ಕುಂದುವ ಸ್ಥಳೀಯ ದೇವತೆಯೊಬ್ಬನ ಹಳೆಯ ಕಥೆಯನ್ನು ಗುರುತಿಸಿದರು. ಒರಟು ದೇವರಿಂದ ನಯವಾದ ದೇವರಿಗೆ ಮೆಟ್ಟಿಲು ಹತ್ತಿದಂತೆ ಸಾಗುವ ಈ ಚಿತ್ರ ಓದಲು ಹಿತವಾಗಿತ್ತು. ಹಿತವಾಗಿದ್ದರಿಂದಲೇ ಬಹುಕಾಲ ಯಾರೂ ಅದನ್ನು ಗಟ್ಟಿಯಾಗಿ ಪ್ರಶ್ನಿಸಲಿಲ್ಲ.

ಗೆರ್ಹಾರ್ಡ್ ಫಾನ್ ರಾಡ್ 1947ರಲ್ಲಿ ಎರಡು ಧಾರೆಗಳನ್ನು ಬೇರ್ಪಡಿಸಿದರು. ಯಾಜಕರ ಬರಹದಲ್ಲಿ ದೇವರ ಮಹಿಮೆ ಗುಡಾರಕ್ಕೆ ಇಳಿದು ಬರುತ್ತದೆ. ಧರ್ಮೋಪದೇಶಕಾಂಡದಲ್ಲಿ ದೇವರು ಆಕಾಶದಲ್ಲೇ ಇರುತ್ತಾನೆ, ದೇವಾಲಯದಲ್ಲಿ ನೆಲೆಸುವುದು ಆತನ ಹೆಸರು ಮಾತ್ರ. ಅರ್ಧ ಶತಮಾನ ಇದು ಪಾಠಪುಸ್ತಕದ ಸತ್ಯವಾಗಿತ್ತು. ಧರ್ಮೋಪದೇಶಕಾಂಡದ ದೇವರೂ ಬೆಂಕಿಯ ನಡುವೆ ನೆಲದ ಮೇಲೇ ಇದ್ದಾನೆ ಎಂದು ಇಯಾನ್ ವಿಲ್ಸನ್ 1995ರಲ್ಲಿ, ಹೆಸರು ನೆಲೆಗೊಳಿಸುವುದೆಂದರೆ ಅರಸರು ಶಾಸನ ನಿಲ್ಲಿಸಿ ಹಕ್ಕು ಸಾರುವ ಮೆಸೊಪೊಟೇಮಿಯದ ನುಡಿಗಟ್ಟು ಎಂದು ಸ್ಯಾಂಡ್ರಾ ರಿಕ್ಟರ್ 2002ರಲ್ಲಿ ತೋರಿಸಿದ ಮೇಲೆ ಅದರ ಬುಡ ಸಡಿಲವಾಯಿತು.

ಈ ಕ್ಷೇತ್ರದಲ್ಲಿ ಒಂದೇ ಪ್ರಬಂಧ ಓದಲು ಸಮಯವಿದ್ದರೆ ಯಾವುದನ್ನು ಓದಬೇಕು ಎಂದು ಯಾರಾದರೂ ಕೇಳಿದರೆ, ಜೇಮ್ಸ್ ಬಾರ್ 1959ರ ಆಕ್ಸ್‌ಫರ್ಡ್ ಸಮ್ಮೇಳನದಲ್ಲಿ ಮಂಡಿಸಿದ್ದನ್ನು ಹೆಸರಿಸುತ್ತೇನೆ. ದೇವರ ಕೈ, ದೇವರ ಮೂಗು ಎಂಬಂಥ ಬಳಕೆಯ ಮಾತುಗಳನ್ನು ಎಣಿಸುತ್ತ ಕೂರಬೇಡಿ, ಆತ ಕಾಣಿಸಿಕೊಂಡ ಕಥೆಗಳನ್ನು ನೋಡಿ ಎಂದರು ಬಾರ್. ಅಲ್ಲಿ ದೇವರು ಕಾಣಿಸಿಕೊಳ್ಳುವುದಾದರೆ ಮನುಷ್ಯರೂಪವೇ ಸಹಜ ರೂಪ, ಅದನ್ನು ಯಾರೂ ಸಮರ್ಥಿಸಿಕೊಳ್ಳುವುದೂ ಇಲ್ಲ, ತೊಡಕಿರುವುದು ನೋಡುವುದರಲ್ಲಿ. ಮುಂದಿನ ಅರವತ್ತು ವರ್ಷಗಳ ಬಹುಪಾಲು ಕೆಲಸ ಈ ಮಾತಿನ ವಿಸ್ತರಣೆ ಎಂದರೆ ತಪ್ಪಾಗದು.

ಅಷ್ಟರಲ್ಲಿ ಮಣ್ಣಿನಿಂದ ಬೇರೆ ಸಾಕ್ಷಿಗಳು ಬರುತ್ತಿದ್ದವು. 1929ರಲ್ಲಿ ಸಿರಿಯಾದ ರಾಸ್ ಶಮ್ರಾದಲ್ಲಿ ಕ್ಲೋಡ್ ಶೆಫರ್ ಉತ್ಖನನ ಆರಂಭಿಸಿ ಪ್ರಾಚೀನ ಉಗಾರಿತ್ ನಗರದ ಮಣ್ಣಿನ ಫಲಕಗಳನ್ನು ಹೊರತೆಗೆದರು. ಅವುಗಳಲ್ಲಿ ಮೋಡವೇರಿ ಗುಡುಗುವ ದೇವರು ಬಾಳ, ಸಭೆ ನಡೆಸುವ ಮುದುಕ ದೇವರು ಎಲ್ ಇಬ್ಬರೂ ಸಿಕ್ಕರು. ಯೆಹೋವ ಬರುತ್ತಾನೆ, ಬೆಟ್ಟ ನಡುಗುತ್ತದೆ ಎಂಬ ಎರಡು ಭಾಗದ ಹಾಡುಗಳು ಒಂದು ಪ್ರತ್ಯೇಕ ಪ್ರಕಾರವೆಂದು ಯೋರ್ಗ್ ಯೆರೆಮಿಯಾಸ್ 1965ರಲ್ಲಿ ವಿಂಗಡಿಸಿದರು. ಆ ಬಿರುಗಾಳಿಯ ಭಾಷೆ ಬಾಳನಿಂದ ಬಂದದ್ದು ಎಂದು ಫ್ರಾಂಕ್ ಮೂರ್ ಕ್ರಾಸ್ 1973ರಲ್ಲಿ ವಿವರಿಸಿದರು. ಉಣ್ಣೆಗೂದಲ ಮಹಾವೃದ್ಧನ ಮುಂದೆ ಮೋಡಗಳ ಮೇಲೆ ಮತ್ತೊಬ್ಬ ಬರುವ ದಾನಿಯೇಲನ 7ನೇ ಅಧ್ಯಾಯ ಕ್ರಿ.ಪೂ. 2ನೇ ಶತಮಾನದ್ದಾದರೂ, ಎಲ್ ಮತ್ತು ಬಾಳರ ಹಳೆಯ ಜೋಡಿಯ ನೆರಳು ಅದರ ಮೇಲಿದೆ ಎಂದು ಹಲವರು ಓದುತ್ತಾರೆ.

ನನಗೆ ಹೆಚ್ಚು ರುಚಿಸಿದ್ದು ಚಿತ್ರಗಳ ಕಡೆಯಿಂದ ಬಂದವರ ಕೆಲಸ. ಸ್ವಿಟ್ಜರ್ಲೆಂಡಿನ ಫ್ರೈಬುರ್ಗಿನಲ್ಲಿ ಓಥ್ಮಾರ್ ಕೇಲ್ ಬೆರಳುಗುರಿನಷ್ಟು ಪುಟ್ಟ ಮುದ್ರೆಗಳನ್ನು ಗುಡ್ಡೆಹಾಕಿಕೊಂಡು ಕೂತರು. ಯೆಶಾಯನ ದರ್ಶನದ ಸೆರಾಫಿಗಳು ಆರು ರೆಕ್ಕೆಯ ದೂತರು ಎಂದು ಚರ್ಚಿನ ಬಣ್ಣದ ಗಾಜು ನಮಗೆ ಕಲಿಸಿತ್ತು. ಕ್ರಿ.ಪೂ. 8ನೇ ಶತಮಾನದ ಯೆಹೂದದ ಮುದ್ರೆಗಳ ಮೇಲೆ ಈಜಿಪ್ಟಿನಿಂದ ಬಂದ ರೆಕ್ಕೆಯ ನಾಗರಗಳಿವೆ, ಸೆರಾಫಿಗಳೆಂದರೆ ಅವೇ ಎಂದು ಕೇಲ್ 1977ರಲ್ಲಿ ತೋರಿಸಿದರು. ಮುದ್ರೆಗಳಲ್ಲಿ ನಾಗರಗಳು ರೆಕ್ಕೆ ಹರಡಿ ದೇವರನ್ನೋ ಅರಸನನ್ನೋ ಕಾಯುತ್ತವೆ. ಯೆಶಾಯನಲ್ಲಿ ಅವು ಅದೇ ರೆಕ್ಕೆಗಳಿಂದ ತಮ್ಮ ಮುಖ, ತಮ್ಮ ಕಾಲು ಮುಚ್ಚಿಕೊಳ್ಳುತ್ತವೆ. ಸಿಂಹಾಸನದ ಮೇಲಿರುವವನಿಗೆ ಕಾವಲು ಬೇಕಿಲ್ಲ, ಅವನಿಂದ ಕಾವಲುಗಾರರಿಗೇ ರಕ್ಷಣೆ ಬೇಕು. ಜೆರುಸಲೇಮಿನಲ್ಲಿ ಕೂತು ಕೇಳಿದವನಿಗೆ ಈ ತಿರುವು ಒಡನೆ ಅರ್ಥವಾಗಿರಬೇಕು. ಪಠ್ಯವನ್ನು ಮಾತ್ರ ಓದಿದ ನಮಗೆ ಎರಡೂವರೆ ಸಾವಿರ ವರ್ಷ ಹಿಡಿಯಿತು.

ಆ ಸಿಂಹಾಸನದ ಮೇಲೆ, ಗರ್ಭಗುಡಿಯಲ್ಲಿ, ವಿಗ್ರಹ ಇತ್ತೇ? ರೆಕ್ಕೆಯ ಕಾವಲುಜೀವಿಗಳಾದ ಕೆರೂಬಿಗಳ ಮೇಲೆ ಖಾಲಿ ಜಾಗವಿತ್ತು, ಆ ಖಾಲಿತನವೇ ಸಂಪ್ರದಾಯ ಎಂದು ಸ್ವೀಡನ್ನಿನ ಟ್ರಿಗ್ವೆ ಮೆಟಿಂಗರ್ 1995ರಲ್ಲಿ ವಾದಿಸಿದರು. ಯೆಹೂದ್ಯರು ನಾಡು ಕಳೆದುಕೊಂಡು ಸೆರೆಹೋದ ಕಾಲದಲ್ಲಿ ದೇವಾಲಯವೂ ಸಿಂಹಾಸನವೂ ಹೋದದ್ದರಿಂದ ಹೆಸರು, ಮಹಿಮೆ ಎಂಬ ಪರ್ಯಾಯಗಳು ಹುಟ್ಟಿದವು ಎಂದು 1982ರಲ್ಲೇ ಅವರು ಬರೆದಿದ್ದರು. ಕೆಬಾರ್ ನದಿಯ ಬಳಿ ಯೆಹೆಜ್ಕೇಲ ಕಂಡ, ಚಕ್ರಗಳ ಮೇಲೆ ಓಡುವ ಸಿಂಹಾಸನವನ್ನು ಈ ಹಿನ್ನೆಲೆಯಲ್ಲಿ ಓದಿದರೆ ಅದು ನಿರಾಶ್ರಿತರ ದೇವರಿಗೆ ತಕ್ಕ ಪೀಠ. ಮೇಲೆ ಕೂತಿರುವುದು ಮನುಷ್ಯನ ರೂಪದ ಹೋಲಿಕೆ ಎಂದು ಪ್ರವಾದಿ ಹೋಲಿಕೆಯ ಮೇಲೆ ಹೋಲಿಕೆ ಪೇರಿಸುತ್ತಾನೆ. ರೂಪವನ್ನು ಮಾತ್ರ ಕೈಬಿಡುವುದಿಲ್ಲ. ವಿಗ್ರಹ ಇದ್ದೇ ಇತ್ತು ಎಂದು ಹರ್ಬರ್ಟ್ ನೀರ್, ಕ್ರಿಸ್ಟೋಫ್ ಊಲಿಂಗರ್ ಮುಂತಾದವರು ಹೇಳಿದರೆ, ಇರಲಿಲ್ಲ ಎಂದು ನದಾವ್ ನಅಮಾನ್ ಉತ್ತರಿಸಿದರು. ಪಠ್ಯಗಳಿಂದ ಮಾತ್ರ ಇದು ತೀರುವ ವ್ಯಾಜ್ಯವಲ್ಲ.

ಹೊಸ ಶತಮಾನದ ಪುಸ್ತಕಗಳು ದೇಹ ಎಂಬ ಮಾತನ್ನು ಸಂಕೋಚವಿಲ್ಲದೆ ಬಳಸುತ್ತವೆ. ಮಮ್ರೆ ಮತ್ತು ಯಬ್ಬೋಕಿನ ಕಥೆಗಳಲ್ಲಿ ದೇವರು ಸುಳಿಮಿಂಚಿಲ್ಲದ ಸಾದಾ ಗಂಡಸಾಗಿ ಬರುತ್ತಾನೆ ಎಂಬುದನ್ನು ಎಸ್ತರ್ ಹಮೋರಿ 2008ರಲ್ಲಿ ಎತ್ತಿ ತೋರಿಸಿದರು. ಮರುವರ್ಷ ಬೆಂಜಮಿನ್ ಸಾಮರ್ ದೊಡ್ಡ ಕಲ್ಲನ್ನೇ ಎಸೆದರು: ಪ್ರಾಚೀನ ಪೂರ್ವದ ದೇವರುಗಳಿಗೆ ಏಕಕಾಲಕ್ಕೆ ಹಲವು ದೇಹಗಳಿರಬಹುದಿತ್ತು, ಇಸ್ರಾಯೇಲಿನ ಹಳೆಯ ಕಥೆಗಳಲ್ಲೂ ಆ ನಂಬಿಕೆ ಉಳಿದಿದೆ, ಯಾಜಕರೂ ಧರ್ಮೋಪದೇಶಕಾಂಡದವರೂ ವಿರೋಧಿಸಿದ್ದು ಈ ಬಹುತ್ವವನ್ನು, ದೇಹವನ್ನಲ್ಲ. ಯಾಜಕರ ದೇವರ ದೇಹ ಒಂದೇ, ಅದು ಗುಡಾರದಲ್ಲಿದೆ. ಧರ್ಮೋಪದೇಶಕಾಂಡದವರ ದೇವರದೂ ಒಂದೇ, ಅದು ಆಕಾಶದಲ್ಲಿದೆ. ಹಳೆಯ ಮೆಟ್ಟಿಲಿನ ಚಿತ್ರ ಇಲ್ಲಿಗೆ ಕುಸಿಯಿತು. ಮಾರ್ಕ್ ಸ್ಮಿತ್ 2015ರಲ್ಲಿ ಮನುಷ್ಯಗಾತ್ರ, ದೇವಾಲಯ ತುಂಬುವ ಗಾತ್ರ, ವಿಶ್ವಗಾತ್ರ ಎಂದು ಮೂರು ದೇಹಗಳನ್ನು ವಿಂಗಡಿಸಿದ್ದು ಅಚ್ಚುಕಟ್ಟಾಗಿದೆ, ಸ್ವಲ್ಪ ಅತಿಯಾಗಿಯೇ ಅಚ್ಚುಕಟ್ಟಾಗಿದೆ. ಫ್ರಾಂಚೆಸ್ಕಾ ಸ್ಟಾವ್ರಕೊಪೌಲೌ 2021ರ ಪುಸ್ತಕದಲ್ಲಿ ಪಾದದಿಂದ ತಲೆಯವರೆಗೆ ದೇವರ ಅಂಗರಚನೆಯನ್ನೇ ಬರೆದರು. ಸಿರಿಯಾದ ಐನ್ ದಾರಾ ದೇವಾಲಯದ ಹೊಸ್ತಿಲಲ್ಲಿ ಕೊರೆದ, ಹತ್ತಿರಹತ್ತಿರ ಒಂದು ಮೀಟರ್ ಉದ್ದದ ಹೆಜ್ಜೆಗುರುತುಗಳು ಅವರ ವಾದಕ್ಕೆ ಒಳ್ಳೆಯ ಆಧಾರ: ಒಳಗೆ ಹೋದ ದೇವರು ದೈತ್ಯ, ದೇಹವುಳ್ಳವನು. ಯೆಹೋವನದಲ್ಲದಿದ್ದರೂ ಇದು ನೆರೆಮನೆಯ ಗುಡಿ. 2018ರ ವಾಯುದಾಳಿಯಲ್ಲಿ ಅದರ ದೊಡ್ಡ ಭಾಗ ಪುಡಿಯಾಯಿತು.

ಯೆಹೋವನದೇ ಎನ್ನಬಹುದಾದ ಚಿತ್ರ ಒಂದಾದರೂ ಇದೆಯೇ ಎಂಬ ಹುಡುಕಾಟ ನಿಂತಿಲ್ಲ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಕ್ರಿ.ಪೂ. 4ನೇ ಶತಮಾನದ ಬೆಳ್ಳಿ ನಾಣ್ಯವೊಂದರಲ್ಲಿ ಗಡ್ಡದ ವ್ಯಕ್ತಿ ರೆಕ್ಕೆಯ ಚಕ್ರದ ಮೇಲೆ ಕೂತಿದ್ದಾನೆ, ಮೇಲೆ ಯೆಹೂದ ಪ್ರಾಂತ್ಯದ ಹೆಸರಿದೆ. ಸೀನಾಯಿ ಮರುಭೂಮಿಯ ಕುಂತಿಲ್ಲತ್ ಅಜ್ರುದ್‌ನಲ್ಲಿ 1975–76ರಲ್ಲಿ ಜೆಯೆವ್ ಮೆಶೆಲ್ ಅಗೆದ ಹಂಡೆಯ ಮೇಲೆ, ಸಮಾರ್ಯದ ಯೆಹೋವ ಮತ್ತವನ ಅಶೇರಾ (ದೇವಿ, ಇಲ್ಲವೇ ಆಕೆಯ ಪೂಜಾಕಂಬ) ಎಂಬ ಬರಹದ ಪಕ್ಕದಲ್ಲೇ ಎರಡು ಆಕೃತಿಗಳಿವೆ. ಅವು ಈಜಿಪ್ಟಿನ ಬೆಸ್ ಎಂಬ ಕುಳ್ಳ ದೇವತೆಯವು, ಬರಹಕ್ಕೂ ಚಿತ್ರಕ್ಕೂ ಸಂಬಂಧವಿಲ್ಲ ಎನ್ನುವವರೇ ಹೆಚ್ಚು. 2020ರಲ್ಲಿ ಯೋಸೆಫ್ ಗಾರ್ಫಿಂಕೆಲ್, ಖಿರ್ಬೆತ್ ಖೆಯಾಫಾ ಮತ್ತು ಮೋಜಾಗಳಲ್ಲಿ ಸಿಕ್ಕ ಮಣ್ಣಿನ ತಲೆಗಳೇ ಯೆಹೋವನ ಮುಖ ಎಂದು ಪ್ರಕಟಿಸಿದರು. ಮೋಜಾದಲ್ಲಿ ಅಗೆಯುತ್ತಿದ್ದ ಶುಆ ಕಿಸಿಲೆವಿಟ್ಜ್ ಮತ್ತು ಓಡೆಡ್ ಲಿಪ್ಶಿಟ್ಸ್ ಅದನ್ನು ಸಾರಾಸಗಟಾಗಿ ತಳ್ಳಿಹಾಕಿದರು. ಆ ತಲೆಗಳು ದೇವರವೆಂದೇ ಗುರುತಿಸಲು ಕೊಂಬಾಗಲಿ ಕಿರೀಟವಾಗಲಿ ಅವುಗಳ ಮೇಲಿಲ್ಲ.