ಇಬ್ಬರು ತಾಯಂದಿರು, ಒಂದು ರೋಗ

ಬುದ್ಧಿ ಬೆಳೆಯದ ಕೂಸು ಹುಟ್ಟಿದರೆ ನಮ್ಮ ಅಕ್ಕಲಕೋಟೆ ಕಡೆ ಜನ ಮೊದಲು ಬೆರಳು ತೋರುವುದು ತಾಯಿಗೆ. ‘ಗ್ರಹಣದಾಗ ಹೊರಗ ಬಂದಿದ್ಳು’ ಅನ್ನುತ್ತಾರೆ. ಇಂದು ಸುಮ್ಮನೆ ಕೂಡದ ಇಬ್ಬರು ತಾಯಂದಿರ ಸಂಗತಿ ಕೇಳಿ.

ನಾರ್ವೆ ದೇಶದಲ್ಲಿ ಒಬ್ಬಾಕೆಯ ಎರಡೂ ಮಕ್ಕಳು ಬರಬರುತ್ತ ಮಂಕಾದವು. ಮೈಯಿಂದ ಏನೋ ವಿಚಿತ್ರ ವಾಸನೆ. ವೈದ್ಯರಿಂದ ವೈದ್ಯರಿಗೆ ಅಲೆದು ಕೊನೆಗೆ 1934ರಲ್ಲಿ ಓಸ್ಲೊದ ಆಸ್‌ಬ್ಯೋರ್ನ್ ಫೋಲಿಂಗ್ ಎಂಬುವರ ಬಳಿ ಬಂದಳು. ಅವರು ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದರು. ಅದು ಹಸಿರಾಯಿತು! ಹೀಗೆ ಪತ್ತೆಯಾದದ್ದು ಫಿನೈಲ್‌ಕೀಟೋನ್ಯೂರಿಯ.

ಹಾಲು, ಬೇಳೆ, ಶೇಂಗಾ, ಮೊಟ್ಟೆ ಇವುಗಳಲ್ಲಿ ಫಿನೈಲ್‌ಅಲನಿನ್ ಎಂಬ ಅಂಶವಿದೆ. ಅದನ್ನು ಮಾರ್ಪಡಿಸುವ ಕಿಣ್ವ ಯಕೃತ್ತಿನಲ್ಲಿ ಕೊರೆಯಾದರೆ ಆ ಅಂಶ ರಕ್ತದಲ್ಲಿ ಕೂಡುತ್ತ ಹೋಗಿ ಮಿದುಳನ್ನು ಕೆಡಿಸುತ್ತದೆ. ದೋಷ ತಂದೆ, ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ರೋಗ. ಸೋದರಮಾವ, ಅತ್ತೆಯ ಮಗ ಎಂದು ಒಳಗೊಳಗೇ ಹೆಣ್ಣು ಕೊಟ್ಟು ತರುವ ನಮ್ಮಲ್ಲಿ ಹಾಗಾಗುವ ಸಂಭವ ಹೆಚ್ಚು.

ರೋಗ ತಿಳಿಯಿತು, ಉಪಚಾರ ತಿಳಿಯಲಿಲ್ಲ. 1951ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಮಕ್ಕಳ ಆಸ್ಪತ್ರೆಯಲ್ಲಿ ಇನ್ನೊಬ್ಬ ತಾಯಿ, ಮಗಳಿಗೆ ಏನಾದರೂ ಮಾಡಿ ಎಂದು ಹೋರ್ಸ್ಟ್ ಬಿಕಲ್ ಎಂಬ ವೈದ್ಯರ ಬೆನ್ನು ಬಿಡಲಿಲ್ಲ. ದಿನಾ ಮುಂಜಾನೆ ಪ್ರಯೋಗಶಾಲೆಯ ಬಾಗಿಲಲ್ಲೇ ನಿಲ್ಲುವಳು. ಬಿಕಲ್ ಮತ್ತು ಸಂಗಡಿಗರು ಹಾಲಿನ ಸಸಾರಜನಕವನ್ನು ಒಡೆದು, ಇದ್ದಿಲಿನಿಂದ ಫಿನೈಲ್‌ಅಲನಿನ್ ತೆಗೆದು, ಆಹಾರ ತಯಾರಿಸಿದರು. ಮೊದಲು ಮಗುವಿನ ತೂಕ ಇಳಿಯಿತು. ಏಕೆಂದರೆ ಆ ಅಂಶ ಪೂರ್ತಿ ಇಲ್ಲದಿದ್ದರೂ ದೇಹ ನಡೆಯದು. ಆಮೇಲೆ ಅಳೆದು ಒಂದಿಷ್ಟು ಹಾಲು ಸೇರಿಸಿದರು. ಬ್ಯಾಂಕಿನಲ್ಲಿ ಲೆಜರ್ ಬರೆದ ನನಗೆ ಇದು ಬೇಗ ಅರ್ಥವಾಯಿತು: ಜಮಾ-ಖರ್ಚು ದಿನವೂ ತಾಳೆಯಾಗಬೇಕು. ಕೆಲವು ತಿಂಗಳಲ್ಲಿ ಮಗು ತೆವಳಿತು, ನಿಂತಿತು, ತಲೆ ಬಡಿದುಕೊಳ್ಳುವುದನ್ನು ಬಿಟ್ಟಿತು.

ಗುಣ ಆಹಾರದಿಂದಲೇ ಬಂತೇ ಎಂದು ತಿಳಿಯಲು, ತಾಯಿಗೆ ಹೇಳದೆ ಅದೇ ಅಂಶವನ್ನು ಮತ್ತೆ ಬೆರೆಸಿದರು. ಕೂಸು ಮತ್ತೆ ಅಳತೊಡಗಿತು, ನಿಲ್ಲಲಾರದಾಯಿತು. ಸಾಕ್ಷಿ ಸಿಕ್ಕಿತು ನಿಜ. ಆದರೂ ಆ ತಾಯಿಯನ್ನು ಕತ್ತಲಲ್ಲಿಟ್ಟದ್ದು ನನ್ನ ಮನಸ್ಸಿಗೆ ಒಪ್ಪಿಲ್ಲ.

ಕೆಟ್ಟ ಮಿದುಳು ಪೂರ್ತಿ ಮರಳದು. ಹುಟ್ಟಿದ ಕೆಲವೇ ದಿನಗಳಲ್ಲಿ ರೋಗ ತಿಳಿಯಬೇಕು. ಅಮೆರಿಕದ ರಾಬರ್ಟ್ ಗತ್ರಿ ಅವರು 1960ರ ದಶಕದ ಆರಂಭದಲ್ಲಿ ಇದಕ್ಕೆ ಅಗ್ಗದ ದಾರಿ ಕಂಡರು. ಹಿಮ್ಮಡಿಗೆ ಚುಚ್ಚಿ ಒಂದೆರಡು ಹನಿ ರಕ್ತವನ್ನು ಶೋಷಕ ಕಾಗದದ ಮೇಲೆ ಹಿಡಿದರೆ ಸಾಕು. ಪಥ್ಯ ಮಾತ್ರ ಜೀವನಪೂರ್ತಿ. ಮೊದಲ ವರ್ಷ ಸಾಮಾನ್ಯವಾಗಿ ವಾರಕ್ಕೊಮ್ಮೆ ರಕ್ತ ನೋಡಿ, ಹಾಲಿನ ಅಳತೆ ಹೆಚ್ಚು ಕಡಿಮೆ ಮಾಡುತ್ತಾರೆ. ಈ ರೋಗವಿರುವ ಹೆಣ್ಣುಮಗಳು ಬಸಿರಾಗುವ ಮುಂಚಿನಿಂದಲೇ ಪಥ್ಯ ಬಿಗಿಮಾಡಬೇಕು, ಇಲ್ಲವಾದರೆ ಹೊಟ್ಟೆಯ ಕೂಸಿಗೆ ಪೆಟ್ಟು.

ನಿಮ್ಮ ಮನೆಯಲ್ಲಿ ಹೆರಿಗೆಯಾದಾಗ ಈ ಪರೀಕ್ಷೆ ಇದೆಯೇ ಎಂದು ಕೇಳಿ. ಸೊಲ್ಲಾಪುರದಲ್ಲಾದರೆ ಮರಾಠಿಯಲ್ಲೇ ಕೇಳಿ. ಹಿಮ್ಮಡಿಗೆ ಅಲ್ಲಿ ‘ಟಾಚ’ ಅನ್ನುತ್ತಾರೆ.